ಗಾಮಾ ಕಿರಣದ ನಂತರ ಪಿಎಲ್‌ಜಿಎ ಲೇಪನ ಔಷಧವನ್ನು ಬೇಗ ಬಿಡುವುದೇಕೆ?

ಟೈಟಾನಿಯಂ ಸ್ಕ್ರೂ ಮೇಲಿನ ನಿಮ್ಮ ಪಿಎಲ್‌ಜಿಎ (ದೇಹದಲ್ಲಿ ನಿಧಾನವಾಗಿ ಕರಗುವ ಪಾಲಿಮರ್) ಲೇಪನವು 25 ಕಿಲೋಗ್ರೇ (ವಿಕಿರಣ ಪ್ರಮಾಣದ ಮಾನ) ಗಾಮಾ ಕಿರಣದಿಂದ ಕ್ರಿಮಿಶುದ್ಧಿ ಮಾಡಿದ ನಂತರ ಔಷಧವನ್ನು ಬೇಗ ಬಿಡುತ್ತಿರುವುದಕ್ಕೆ, ವಿಕಿರಣವು ಪಾಲಿಮರ್ ಸರಪಳಿಗಳನ್ನು ತುಂಡರಿಸಿ ಅಣುತೂಕವನ್ನು ಇಳಿಸಿರುವುದೇ ಬಹುಶಃ ಕಾರಣ. ಮೇಲ್ಮೈ ಮೊದಲಿನಂತೆಯೇ ನಯವಾಗಿ ಕಾಣುವುದರಿಂದ ಇದು ಸುಲಭವಾಗಿ ಗಮನಕ್ಕೆ ಬರುವುದಿಲ್ಲ. ಮೊದಲು ಒಂದೇ ಬ್ಯಾಚಿನ, ಕಿರಣಕ್ಕೊಡ್ಡಿದ ಮತ್ತು ಒಡ್ಡದ ಮಾದರಿಗಳ ಅಣುತೂಕವನ್ನು ಜಿಪಿಸಿಯಲ್ಲಿ (ಅಣುಗಳನ್ನು ಗಾತ್ರದಂತೆ ಬೇರ್ಪಡಿಸಿ ಅಳೆಯುವ ವಿಧಾನ) ಅಳೆಯಿರಿ. ಇಳಿಕೆ ಕಂಡುಬಂದರೆ, ಮುಂದಿನ ಬ್ಯಾಚನ್ನು ಚೆನ್ನಾಗಿ ಒಣಗಿಸಿ, ನೈಟ್ರೋಜನ್ ತುಂಬಿದ ಫಾಯಿಲ್ ಚೀಲದಲ್ಲಿ ಮುಚ್ಚಿ, ಡ್ರೈ ಐಸ್ ನಡುವೆ ಇಟ್ಟು ಕಿರಣಕ್ಕೊಡ್ಡಿ. ಇದು ಹಾನಿಯನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಸೂಕ್ಷ್ಮಜೀವಿಗಳ ಎಣಿಕೆ ತೀರಾ ಕಡಿಮೆಯಿದ್ದರೆ ವಿಕಿರಣ ಕ್ರಿಮಿಶುದ್ಧಿಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 11137ರ ಕ್ರಮದಂತೆ 15 ಕಿಲೋಗ್ರೇ ಪ್ರಮಾಣವನ್ನು ದೃಢಪಡಿಸಿಕೊಳ್ಳಬಹುದು, ಆದರೆ ಅಂದಾಜಿನ ಮೇಲೆ ಇಳಿಸಬೇಡಿ, ಅದು ರೋಗಿಯ ಜೀವಕ್ಕೇ ಅಪಾಯ. ಅಣುತೂಕ ಇಳಿದಿರದಿದ್ದರೆ ಲೇಪನ ಬಿರುಕುಬಿಟ್ಟಿರಬಹುದು. ಆಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸ್ಕ್ರೂವಿನ ಎಳೆಗಳ ಅಂಚನ್ನು ಮೊದಲು ನೋಡಿ.