ಹೀರೋ ಅಂದರೆ ಅಣ್ಣ ಎದ್ದು ಹೋಗುತ್ತಾರೆ, ಯಾಕೆ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅಣ್ಣ ಸೈನ್ಯದಿಂದ ನಿವೃತ್ತಿಯಾಗಿ ಬಂದು ಒಂದೂವರೆ ವರ್ಷ ಆಯ್ತು, ರಾತ್ರಿ ನಿದ್ದೆ ಮಾಡಲ್ಲ, ಯಾರಾದರೂ 'ನೀವು ನಮ್ಮ ಹೀರೋ' ಅಂದರೆ ಮುಖ ಗಂಟಿಕ್ಕಿಕೊಂಡು ಎದ್ದು ಹೋಗುತ್ತಾರೆ, ಮುಂದಿನ ತಿಂಗಳು ಒಂದು ಸನ್ಮಾನ ಬೇರೆ ಇದೆ, ಒತ್ತಾಯ ಮಾಡಿ ಕರೆದುಕೊಂಡು ಹೋಗಬೇಕಾ ಅಂತ ಕೇಳಿದ್ದೀರಿ. ಹೊಗಳಿದರೆ ಯಾರಿಗಾದರೂ ಸಿಟ್ಟು ಬರುತ್ತಾ ಅಂತಲೂ ಕೇಳಿದ್ದೀರಿ. ಬರುತ್ತೆ. ನನಗೆ ಬರುತ್ತಿತ್ತು.

ನಾನು ಡಾಕ್ಟರ್ ಅಲ್ಲ. ಹದಿನೇಳು ವರ್ಷ ಸೇವೆ ಮಾಡಿ ಬಂದವನು, ಅಷ್ಟೇ. ನಿಮ್ಮಣ್ಣನ ತಲೆಯಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ನನ್ನದು ಹೇಳುತ್ತೇನೆ, ಹೋಲಿಕೆ ಇದ್ದರೆ ತೆಗೆದುಕೊಳ್ಳಿ.

ಒಂದು ದಿನ ಬೆಳಗಿನ ಜಾವ ಗಸ್ತಿಗೆ ಹೋಗುವ ಸರದಿ ನನ್ನದಿತ್ತು. ಹಿಂದಿನ ರಾತ್ರಿಯಿಂದ ಹಲ್ಲುನೋವು. ಬಲಗಡೆ ಕೆಳಗಿನ ದವಡೆ ಹಲ್ಲು, ಕೆನ್ನೆ ಊದಿಕೊಂಡು ಒಂದು ಕಣ್ಣು ಸಣ್ಣದಾಗಿತ್ತು. ಪಕ್ಕದ ಮಂಚದವನು ನೋಡಿ ನಕ್ಕುಬಿಟ್ಟ. 'ಮಲಗೋ ಮಾರಾಯ, ನಾನು ಹೋಗ್ತೀನಿ, ನಾಳೆ ನನ್ನ ಸರದಿಗೆ ನೀನು ಹೋಗು' ಅಂದ. ಅದರಲ್ಲಿ ತ್ಯಾಗ ಗೀಗ ಏನೂ ಇರಲಿಲ್ಲ, ವಾರಕ್ಕೊಮ್ಮೆಯಾದರೂ ನಡೆಯುವ ಅದಲುಬದಲು. ಎರಡು ಗಂಟೆ ಕಳೆದ ಮೇಲೆ ಅವರ ಗಾಡಿ ಸ್ಫೋಟಕ್ಕೆ ಸಿಕ್ಕಿತು. ಅವರನ್ನು ತರಲು ಓಡಿದವರಲ್ಲಿ ನಾನೂ ಇದ್ದೆ. ಆ ಕಡೆಯಿಂದ ಗುಂಡು ಹಾರುತ್ತಲೇ ಇತ್ತು, ಇಬ್ಬರನ್ನು ಎಳೆದುಕೊಂಡು ಬಂದೆ, ಇಬ್ಬರೂ ಉಳಿದರು. ಅವನು ಉಳಿಯಲಿಲ್ಲ.

ಆ ದಿನದ ಕೆಲಸಕ್ಕೇ ನನಗೆ ಪದಕ ಕೊಟ್ಟರು. ವೇದಿಕೆ ಮೇಲೆ ಓದುತ್ತಾರಲ್ಲ, 'ಪ್ರಾಣದ ಹಂಗು ತೊರೆದು' ಅಂತ, ಆ ಮಾತು ಶುರುವಾದ ಕೂಡಲೇ ನನ್ನ ನಾಲಿಗೆ ತಾನಾಗಿ ಆ ಹಲ್ಲಿನ ಜಾಗಕ್ಕೆ ಹೋಗುತ್ತದೆ. ಹಲ್ಲು ಆಗಲೇ ಕೀಳಿಸಿದ್ದೆ. ಖಾಲಿ ಜಾಗ, ನುಣ್ಣಗಿರುತ್ತೆ. ಜನ ಚಪ್ಪಾಳೆ ಹೊಡೆಯುತ್ತಿದ್ದರೆ ನಾನು ಅದನ್ನೇ ಸವರುತ್ತಾ ನಿಂತಿರುತ್ತಿದ್ದೆ.

ಈಗ ಹೇಳಿ, ಹೀರೋ ಅಂತ ಕರೆದವರಿಗೆ ನಾನು ಏನು ಉತ್ತರ ಕೊಡಲಿ? 'ಇಲ್ಲ, ನನಗೆ ಹಲ್ಲುನೋವು ಅಂತ ಅವನು ಸತ್ತ' ಅಂದರೆ 'ಅಯ್ಯೋ, ಎಂಥ ವಿನಯ' ಅನ್ನುತ್ತಾರೆ. ನಿಜವಾಗಿ ಹಾಗೇ ಅಂದಿದ್ದಾರೆ. ಆ ಪದದ ತೊಂದರೆ ಇದೇ. ಕೆಟ್ಟದ್ದು ಹೇಳಿದರೂ ಅದು ಒಳ್ಳೆಯದಾಗಿಬಿಡುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು, ಹೀರೋ ಅಂದಮೇಲೆ ಅವನಿಗೆ ಲೈಟ್ ಆರಿಸಿ ಮಲಗಲು ಭಯ ಆಗಬಾರದಲ್ವಾ? ಹೀರೋ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳಬಾರದು. ಡಾಕ್ಟರ ಹತ್ತಿರ ಹೋಗುವುದಂತೂ ದೂರದ ಮಾತು. ನಾನು ನಾಲ್ಕು ವರ್ಷ ಹೋಗದೆ ಇದ್ದುದಕ್ಕೆ ಅರ್ಧ ಕಾರಣ ನನ್ನ ಹಟ, ಇನ್ನರ್ಧ ಗೋಡೆ ಮೇಲೆ ನೇತಾಡುತ್ತಿದ್ದ ಆ ಪದಕದ ಫೋಟೋ.

ಹಿಂದೆ ಇದು ತಿರುಗಾಮುರುಗಾ ಇತ್ತು. ಮೊದಲ ಮಹಾಯುದ್ಧದಲ್ಲಿ ಕೈಕಾಲು ನಡುಗಿ, ಮಾತು ನಿಂತು ಆಸ್ಪತ್ರೆ ಸೇರಿದವರ ಕಾಯಿಲೆಗೆ 'ಶೆಲ್ ಶಾಕ್' ಅನ್ನುತ್ತಿದ್ದರು. ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು 1915ರಲ್ಲೇ ಅದರ ಬಗ್ಗೆ ಬರೆದಿದ್ದರು. ಆದರೂ ಏನಾಯ್ತು? ಹ್ಯಾರಿ ಫಾರ್ ಅಂತ ಒಬ್ಬ ಸೈನಿಕ, ಅದೇ ಕಾಯಿಲೆಗೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬಂದವನು, ಮತ್ತೆ ಮುಂಚೂಣಿಗೆ ಹೋಗಲಾರೆ ಅಂದದ್ದಕ್ಕೆ 1916ರಲ್ಲಿ ಹೇಡಿ ಅಂತ ತೀರ್ಪು ಕೊಟ್ಟು ಗುಂಡಿಟ್ಟು ಕೊಂದರು. ಹೇಡಿತನ, ಪಲಾಯನದಂಥ ಆರೋಪ ಹೊರಿಸಿ ಕೊಂದ ಅಂಥ 306 ಸೈನಿಕರಿಗೆ ಬ್ರಿಟನ್ ಕ್ಷಮಾದಾನ ಕೊಟ್ಟದ್ದು 2006ರಲ್ಲಿ. ತೊಂಬತ್ತು ವರ್ಷ! ಪಿಟಿಎಸ್‌ಡಿ (ಭಯಾನಕ ಘಟನೆ ಮುಗಿದ ಮೇಲೂ ಅದು ಮನಸ್ಸನ್ನು ಕಾಡುತ್ತಲೇ ಇರುವ ಕಾಯಿಲೆ) ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೂ 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದ ಮೇಲೆ. ಆಗ ಹೇಡಿ ಅಂದರು, ಈಗ ಹೀರೋ ಅನ್ನುತ್ತಾರೆ. ಎರಡರಲ್ಲೂ ಆ ಮನುಷ್ಯನನ್ನು ಕೂರಿಸಿಕೊಂಡು ಏನಾಯ್ತಪ್ಪಾ ಅಂತ ಕೇಳುವ ಕೆಲಸ ತಪ್ಪುತ್ತೆ ನೋಡಿ.

ಎಲ್ಲರಿಗೂ ಪಿಟಿಎಸ್‌ಡಿ ಇರುತ್ತೆ ಅಂದುಕೊಳ್ಳಬೇಡಿ. ಯುದ್ಧ ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಬರುವುದಿಲ್ಲ. ಬಂದವರಿಗೂ ಎಲ್ಲವೂ ಭಯದಿಂದಲೇ ಅಲ್ಲ. ವಿಯೆಟ್ನಾಂನಿಂದ ಬಂದವರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ಮನೋವೈದ್ಯರು 'ಮಾರಲ್ ಇಂಜುರಿ' ಅನ್ನುತ್ತಿದ್ದರು, ಅಂದರೆ ಮನಸ್ಸಾಕ್ಷಿಗೆ ಬಿದ್ದ ಪೆಟ್ಟು. ಅವರು ಹೆಚ್ಚಾಗಿ ಹೇಳಿದ್ದು ಮೇಲಿನವರೇ ಮೋಸ ಮಾಡಿದಾಗ ಆಗುವ ಗಾಯದ ಬಗ್ಗೆ. ಆಮೇಲಿನವರು ತಾನೇ ಮಾಡಿದ್ದು, ಮಾಡದೆ ಬಿಟ್ಟದ್ದು, ಕಣ್ಣೆದುರು ನಡೆದರೂ ತಡೆಯಲಾಗದ್ದು, ಇವನ್ನೂ ಸೇರಿಸಿದರು. ಭಯಕ್ಕಾದರೆ 'ಈಗ ಅಪಾಯ ಇಲ್ಲ' ಅಂತ ಮನಸ್ಸಿಗೆ ಕಲಿಸಬಹುದು. ತಪ್ಪಿತಸ್ಥ ಅನ್ನಿಸುವವನಿಗೆ ಅದನ್ನು ಹೇಳಿ ಏನು ಪ್ರಯೋಜನ? ಅಂಥವನಿಗೆ ಹೊಗಳಿಕೆ ಅಂದರೆ ಗಾಯಕ್ಕೆ ಉಪ್ಪು.

ನನಗೆ ಕೆಲಸ ಮಾಡಿದ್ದು ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಅನ್ನುವ ಚಿಕಿತ್ಸೆ. ಸಾಮಾನ್ಯವಾಗಿ ಹನ್ನೆರಡು ಭೇಟಿ ಇರುತ್ತೆ, ಮನೆಯಲ್ಲಿ ಬರೆದುಕೊಂಡು ಬರಬೇಕು, ಶಾಲೆ ಹುಡುಗರ ಹಾಗೆ. ಮೊದಲ ದಿನ ಸುಮ್ನೆ ಟೈಮ್ ವೇಸ್ಟ್ ಅನ್ನಿಸಿತ್ತು. ನಾನು ಬರೆದದ್ದು ಒಂದೇ ಸಾಲು: ನಾನು ಹೋಗಿದ್ದರೆ ಅವನು ಬದುಕುತ್ತಿದ್ದ. ಚಿಕಿತ್ಸೆ ಕೊಡುತ್ತಿದ್ದಾಕೆ ಅದನ್ನು ಓದಿ ಸಮಾಧಾನ ಹೇಳಲಿಲ್ಲ, 'ಹಾಗಲ್ಲ ಬಿಡಿ' ಅನ್ನಲೂ ಇಲ್ಲ. 'ಅವತ್ತು ಬೆಳಗ್ಗೆ ಎದ್ದಾಗ ನಿಮಗೆ ಏನೇನು ಗೊತ್ತಿತ್ತು, ಅಷ್ಟನ್ನು ಮಾತ್ರ ಹೇಳಿ' ಅಂದರು. ತುಂಬಾ ಹೊತ್ತು ಯೋಚನೆ ಮಾಡಿದೆ. ಹಲ್ಲು ನೋಯುತ್ತಿದೆ ಅನ್ನುವುದೊಂದೇ ಗೊತ್ತಿತ್ತು. ತಪ್ಪಿತಸ್ಥ ಅನ್ನುವ ಭಾವನೆ ಹೋಗಲಿಲ್ಲ, ಈಗಲೂ ಇದೆ, ಆದರೆ ಅದರ ಜೊತೆ ಒಂದೇ ಕೋಣೆಯಲ್ಲಿ ಮಲಗಬಹುದು. ನಡೆದದ್ದನ್ನು ಮತ್ತೆ ಮತ್ತೆ ಹೇಳಿಸಿ ಅದರ ಬಿಸಿ ಇಳಿಸುವ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಅಂತ ಇನ್ನೊಂದಿದೆ. ಗೆಳೆಯನೊಬ್ಬನಿಗೆ ಅದು ಆಗಿಬಂತು. ಯಾವುದು ಯಾರಿಗೆ ಅಂತ ಮನೋವೈದ್ಯರು ಹೇಳಲಿ.

ಮನೆಯಲ್ಲಿ ನೀವು ಮಾಡಬಹುದಾದದ್ದು ಕಮ್ಮಿ, ಆದರೆ ಇದೆ. ಮಲಗಿರುವವರನ್ನು ಮುಟ್ಟಿ ಎಬ್ಬಿಸಬೇಡಿ, ಸ್ವಲ್ಪ ದೂರ ನಿಂತು ಹೆಸರು ಹಿಡಿದು ಕರೆಯಿರಿ. ಬಾಗಿಲು ಕಾಣುವ ಕುರ್ಚಿ ಅವರಿಗೇ ಬಿಡಿ. ಎಷ್ಟು ಜನರನ್ನು ಕೊಂದೆ ಅಂತ ಯಾರಾದರೂ ಕೇಳಿದರೆ ಮಾತು ಬದಲಿಸಿ, ಇದನ್ನು ಕೇಳುವವರು ಎಲ್ಲ ಕಡೆ ಒಬ್ಬರಾದರೂ ಇರುತ್ತಾರೆ. ಕುಡಿತ ಜಾಸ್ತಿ ಆಗಿದೆಯಾ ಗಮನಿಸಿ. ಕುಡಿದರೆ ಬೇಗ ನಿದ್ದೆ ಬರುತ್ತೆ, ನಡುರಾತ್ರಿ ಕೆಡುತ್ತೆ, ನಾನು ಎರಡು ವರ್ಷ ಅದರಲ್ಲೇ ಕಳೆದವನು. ಮತ್ತೆ, 'ನಾನು ಇಲ್ಲದಿದ್ದರೆ ನಿಮಗೇ ಒಳ್ಳೆಯದು' ಅನ್ನುವಂಥ ಮಾತು ಬಂದರೆ ಅದನ್ನು ಮಾತು ಅಂತ ಬಿಡಬೇಡಿ. ಸಾಯಬೇಕು ಅನ್ನಿಸ್ತಿದೆಯಾ ಅಣ್ಣಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬರುತ್ತೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿ ಬಂದೂಕು ಇದ್ದರೆ ಮೊದಲು ಅದು ಹೊರಗೆ ಹೋಗಲಿ, ಮಾತ್ರೆಗಳನ್ನೂ ಎತ್ತಿಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಸನ್ಮಾನ. ಒತ್ತಾಯ ಬೇಡ. ಹೋಗ್ತೀಯಾ ಅಂತ ಒಂದೇ ಸಲ ಕೇಳಿ, ಬೇಡ ಅಂದರೆ ಆಯೋಜಕರಿಗೆ ನೀವೇ ಫೋನ್ ಮಾಡಿ ಹೇಳಿ, ಆ ಮುಜುಗರವನ್ನು ಅವರ ತಲೆಗೆ ಹಾಕಬೇಡಿ. ಬರ್ತೀನಿ ಅಂದರೆ ನಡುವೆ ಎದ್ದು ಹೊರಗೆ ಹೋಗಬಹುದು ಅಂತ ಮೊದಲೇ ಮಾತಾಡಿಕೊಂಡಿರಿ. ಹೋದರೆ ಎಲ್ಲರೂ ಹಿಂದೆ ಓಡಬೇಡಿ, ಒಬ್ಬರು ಹೋದರೆ ಸಾಕು.

ನಾನು ಹಾಗೆ ಎದ್ದು ಹೋದ ಒಂದು ಸಂಜೆ ನನ್ನ ಹೆಂಡತಿ ಹಿಂದೆ ಬಂದಳು. ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಳು, ಒಳಗೆ ಮೈಕಿನಲ್ಲಿ ಭಾಷಣ ನಡೆದೇ ಇತ್ತು. ನಾನು ಕೆನ್ನೆ ಹಿಡಿದುಕೊಂಡಿದ್ದೆ, ನನಗೆ ಗೊತ್ತೇ ಇರಲಿಲ್ಲ. ಅವಳು ನೋಡಿ, 'ಹಲ್ಲು ನೋಯ್ತಿದೆಯಾ?' ಅಂದಳು. ಆ ಹಲ್ಲು ಕೀಳಿಸಿ ಐದು ವರ್ಷ ಆಗಿತ್ತು. ಹೌದು ಅಂದೆ. ಆಮೇಲೆ ಹೇಳುತ್ತಾ ಹೋದೆ, ಕಾರ್ಯಕ್ರಮ ಮುಗಿದು ವಾಚ್‌ಮನ್ ಬಂದು ಗೇಟು ಹಾಕಬೇಕು ಅನ್ನುವವರೆಗೂ.