ಪಿಎಲ್‌ಸಿಯಲ್ಲಿ 1, ಸ್ಕಾಡಾದಲ್ಲಿ –1

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ ಪಂಪ್ ಓಡುತ್ತಿರುವಾಗ ಪಿಎಲ್‌ಸಿಯಲ್ಲಿ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಅದರ ಬಿಟ್ 1 ಎಂದು ಕಾಣುತ್ತದೆ. ಅದೇ ಬಿಟ್ ಹಳೆಯ ಓಪಿಸಿ ಸರ್ವರ್ (ಇವೆರಡರ ನಡುವೆ ಮಾಹಿತಿ ಸಾಗಿಸುವ ತಂತ್ರಾಂಶ) ಮೂಲಕ ಸ್ಕಾಡಾಕ್ಕೆ, ಅಂದರೆ ಪರದೆಯ ಮೇಲೆ ಕಾರ್ಖಾನೆಯ ಉಸ್ತುವಾರಿ ನಡೆಸುವ ತಂತ್ರಾಂಶಕ್ಕೆ, ಬಂದಾಗ –1 ಆಗಿರುತ್ತದೆ. ಮೌಲ್ಯ 1 ಆಗಿದ್ದರೆ ಹಸಿರು ದೀಪ ತೋರಿಸುವಂತೆ ನಾನು ಬರೆದ ವಿಬಿ (ವಿಷುಯಲ್ ಬೇಸಿಕ್) ಸ್ಕ್ರಿಪ್ಟ್ ಕೆಲಸ ಮಾಡುತ್ತಿಲ್ಲ. ದೋಷ ಎಲ್ಲಿದೆ?
– ಓದುಗರೊಬ್ಬರು, ಭೋಸರಿ, ಪುಣೆ

ಉತ್ತರ: ಪಿಎಲ್‌ಸಿಯಲ್ಲೂ ಸರ್ವರ್‌ನಲ್ಲೂ ದೋಷವಿಲ್ಲ, ತಿದ್ದಬೇಕಾದದ್ದು 1ರೊಂದಿಗೆ ಮಾಡಿರುವ ಹೋಲಿಕೆಯನ್ನು. ಪಿಎಲ್‌ಸಿ ಭಾಷೆಗಳ ಕುರಿತು 1993ರಲ್ಲಿ ಮೊದಲು ಪ್ರಕಟವಾದ ಐಇಸಿ 61131-3 ಮಾನದಂಡದಲ್ಲಿ ಬೂಲ್ (ಬೂಲಿಯನ್) ವೇರಿಯಬಲ್‌ಗೆ ಟ್ರೂ (ಹೌದು), ಫಾಲ್ಸ್ (ಅಲ್ಲ) ಎಂಬ ಎರಡೇ ಮೌಲ್ಯಗಳಿವೆ. ಆದರೆ ಮೆಮೊರಿಯಲ್ಲಿ ಅದು ಹಿಡಿಯುವ ಜಾಗ ಎಲ್ಲೆಡೆ ಒಂದೇ ಅಲ್ಲ: ಸೀಮೆನ್ಸ್ ಪಿಎಲ್‌ಸಿಯ ಎಂ0.0 ಎಂಬ ಮೆಮೊರಿ ವಿಳಾಸ ಒಂದು ಬಿಟ್, ಪಿಎಲ್‌ಸಿ ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ಕೋಡಿಸಿಸ್‌ನ ಸಾಮಾನ್ಯ ಬೂಲ್ ಪೂರ್ತಿ ಒಂದು ಬೈಟ್ (8 ಬಿಟ್).

ಹಳೆಯ ಓಪಿಸಿ ನಿಂತಿರುವುದು ತಂತ್ರಾಂಶಗಳನ್ನು ಪರಸ್ಪರ ಜೋಡಿಸುವ ಮೈಕ್ರೋಸಾಫ್ಟ್‌ನ ಕಾಮ್ (COM) ತಂತ್ರಜ್ಞಾನದ ಮೇಲೆ. ಅಲ್ಲಿ ಬೂಲಿಯನ್ ಮೌಲ್ಯಕ್ಕೆ 16 ಬಿಟ್‌ಗಳಿದ್ದು, ಟ್ರೂ ಎಂದರೆ ಹದಿನಾರೂ ಬಿಟ್‌ಗಳು 1 ಆಗಿರುತ್ತವೆ. ಅದನ್ನು ಚಿಹ್ನೆಯುಳ್ಳ ಪೂರ್ಣಾಂಕವಾಗಿ ಓದಿದರೆ –1 ಬರುತ್ತದೆ. ಈ ಏರ್ಪಾಡು ವಿನಾಕಾರಣವಲ್ಲ. ವಿಬಿಯಲ್ಲಿ ‘ನಾಟ್’ ಸಂಖ್ಯೆಯ ಪ್ರತಿಯೊಂದು ಬಿಟ್ಟನ್ನೂ ತಿರುಗಿಸುತ್ತದೆಯಾದ್ದರಿಂದ –1 ಸರಿಯಾಗಿ 0 ಆಗುತ್ತದೆ. 1ಕ್ಕೆ ‘ನಾಟ್’ ಹಾಕಿದರೆ ಸಿಗುವುದು –2. ಅದು ಸೊನ್ನೆಯಲ್ಲದ ಕಾರಣ ಮತ್ತೆ ಟ್ರೂ ಎಂದೇ ಎಣಿಕೆಯಾಗುತ್ತದೆ. ಪೂರ್ಣಾಂಕವಾಗಿ ಇಟ್ಟುಕೊಂಡ ಬಿಟ್‌ಗೆ ‘ನಾಟ್’ ಬಳಸಿ ಇಂಟರ್‌ಲಾಕ್ (ಅಪಾಯದ ಸ್ಥಿತಿಯಲ್ಲಿ ಯಂತ್ರ ಓಡದಂತೆ ತಡೆಯುವ ಷರತ್ತು) ಬರೆದವರಿಗೆ ಇದು ನಿಜಕ್ಕೂ ಅಪಾಯಕಾರಿ.

ಆದ್ದರಿಂದ ಓದುವಾಗ ‘ಸೊನ್ನೆಗೆ ಸಮವಲ್ಲ’ ಎಂಬ ಷರತ್ತನ್ನೇ ಬಳಸಿ. ಬರೆಯುವಾಗ ಮಾತ್ರ ಇಷ್ಟು ಸಡಿಲಿಕೆ ಸಲ್ಲದು. ಯಂತ್ರಗಳ ನಡುವಿನ ಸಂವಹನ ನಿಯಮಾವಳಿಯಾದ ಮಾಡ್‌ಬಸ್‌ನ 5ನೆಯ ಫಂಕ್ಷನ್‌ನಲ್ಲಿ ಕಾಯಿಲ್ (ಒಂದು ಬಿಟ್‌ನ ಔಟ್‌ಪುಟ್) ಆನ್ ಮಾಡಲು ಹೆಕ್ಸ್ ಎಫ್‌ಎಫ್00, ಅಂದರೆ 65280 ಕಳುಹಿಸಬೇಕು. ಆಫ್ ಮಾಡಲು 0. ಬೇರೆ ಯಾವ ಮೌಲ್ಯವೂ ನಿಯಮದಂತೆ ಅಸಿಂಧು. ಮಾಡ್‌ಬಸ್ ಸಂವಹನ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇದ್ದರೆ ಇದನ್ನು ಅದೇ ನೋಡಿಕೊಳ್ಳುತ್ತದೆ. ಓಪಿಸಿಯ ಹೊಸ ರೂಪವಾದ ಓಪಿಸಿ ಯುಎಯಲ್ಲಿ ಬೂಲಿಯನ್ ಒಂದು ಬೈಟ್ ಆಗಿದ್ದು, ಕಳುಹಿಸುವವರು ಟ್ರೂಗೆ 1 ಅನ್ನೇ ಬರೆಯಬೇಕು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಸಂಪರ್ಕ ಕಡಿದಾಗ ಪರದೆಯ ಮೇಲೆ ಕೊನೆಯದಾಗಿ ಬಂದ ಮೌಲ್ಯವೇ ಉಳಿದುಬಿಡಬಹುದು. ಓಪಿಸಿ ಪ್ರತಿ ಮೌಲ್ಯದ ಜೊತೆಗೆ ಅದರ ‘ಕ್ವಾಲಿಟಿ’ಯನ್ನೂ ಕಳುಹಿಸುತ್ತದೆ. ಅದು ‘ಗುಡ್’ ಆಗಿದ್ದಾಗ ಮಾತ್ರ ಹಸಿರು ದೀಪ ತೋರಿಸಿ. ಇಲ್ಲವಾದರೆ ಬೂದು ಬಣ್ಣ ಬರುವಂತೆ ಮಾಡಿ.