ಹೇಳಿದ ಮಾತು ನಾಟಬೇಕಾದರೆ

ಇತರರನ್ನು ಒಪ್ಪಿಸುವ ಬಗ್ಗೆ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ಆಫೀಸಿನ ಮೀಟಿಂಗ್‌ನಲ್ಲಿ ನಾನು ಏನೇ ಸಲಹೆ ಕೊಟ್ಟರೂ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಅದು ಅಲ್ಲಿಗೇ ನಿಲ್ಲುತ್ತದೆ. ಮೊನ್ನೆ ಹತ್ತು ಲಾಭಗಳನ್ನು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅದಕ್ಕೂ ಅದೇ ಗತಿ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಮೊದಲು ಆ ಪಟ್ಟಿಯನ್ನು ಮೂರಕ್ಕೆ ಇಳಿಸಿ. ಹತ್ತು ಕಾರಣ ಮುಂದಿಟ್ಟರೆ ಎದುರಿನವರು ಗಟ್ಟಿಯಾದುದನ್ನು ಬಿಟ್ಟು ಜೊಳ್ಳಾದುದನ್ನೇ ಹಿಡಿದುಕೊಳ್ಳುತ್ತಾರೆ. ಅದೊಂದು ಬಿದ್ದರೆ ಉಳಿದ ಒಂಬತ್ತರ ಮೇಲೂ ಅನುಮಾನ.

ಇದಕ್ಕಿಂತ ದೊಡ್ಡ ತೊಡಕು ಮೀಟಿಂಗ್‌ಗೆ ಮುಂಚಿನ ದಿನಗಳಲ್ಲಿದೆ. ಹೊಸ ವಿಷಯವನ್ನು ಎಲ್ಲರ ನಡುವೆ ಕೂತು ಮೊದಲ ಸಲ ಕೇಳಿದವರಿಗೆ ಯೋಚಿಸಲು ಬಿಡುವಿರುವುದಿಲ್ಲ. ಅವರು ತಲೆಯಾಡಿಸಿದರೆ ‘ಕೇಳಿಸಿತು’ ಎಂದಷ್ಟೇ ಅರ್ಥ. ಆದ್ದರಿಂದ ಮೂವರನ್ನು ಮುಂಚೆಯೇ, ಒಬ್ಬೊಬ್ಬರನ್ನಾಗಿ, ಹದಿನೈದು ನಿಮಿಷ ಕಾಣಿ: ತೀರ್ಮಾನ ಯಾರ ಕೈಯಲ್ಲಿದೆಯೋ ಅವರು, ಖಂಡಿತ ವಿರೋಧಿಸುವವರು, ನಿಮ್ಮ ಸಲಹೆಯಿಂದ ಯಾರ ಕೆಲಸ ಹೆಚ್ಚುತ್ತದೋ ಅವರು. ಈ ಮೂರನೆಯವರನ್ನೇ ಹೆಚ್ಚಿನವರು ಮರೆಯುವುದು. ಮೀಟಿಂಗ್‌ನಲ್ಲಿ ಬಾಯಿ ಬಿಡದೆ ಆಮೇಲೆ ಕೆಲಸವನ್ನು ಮುಂದಕ್ಕೆ ಹಾಕುತ್ತ ಹೋಗುವವರೂ ಇವರೇ. ಹೋದಾಗ ವಿವರಣೆ ಎರಡು ನಿಮಿಷಕ್ಕೆ ಮುಗಿಯಲಿ. ‘ಇದರಲ್ಲಿ ನಿಮಗೆ ತೊಂದರೆ ಕಾಣುವುದು ಎಲ್ಲಿ?’ ಎಂದು ಕೇಳಿ ಸುಮ್ಮನಿರಿ. ಉತ್ತರ ಬರುವುದು ತಡವಾದರೂ ನಡುವೆ ಬಾಯಿ ಹಾಕಬೇಡಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ನಿಮ್ಮ ಯೋಜನೆಗೆ ಸೇರಿಸಿಕೊಳ್ಳಿ, ಮೀಟಿಂಗ್‌ನಲ್ಲಿ ಅವರ ಹೆಸರು ಹೇಳಿಯೇ ಅದನ್ನು ಮುಂದಿಡಿ.

ಮೀಟಿಂಗ್‌ನಲ್ಲಿ ಮಾತಾಡುವ ಕ್ರಮವೂ ಮುಖ್ಯ. ಈಗ ಆಗುತ್ತಿರುವ ನಷ್ಟವನ್ನು ಒಂದೇ ಅಂಕಿಯಲ್ಲಿ ಹೇಳಿ: ವಾರಕ್ಕೆ ಎಷ್ಟು ಗಂಟೆ, ತಿಂಗಳಿಗೆ ಎಷ್ಟು ತಪ್ಪು. ಸಲಹೆ ಒಂದು ವಾಕ್ಯದಲ್ಲಿರಲಿ. ಆಮೇಲೆ ಅದರ ದೊಡ್ಡ ಕೊರತೆಯನ್ನು ನೀವೇ ಹೇಳಿ, ಅದಕ್ಕೆ ಏನು ಮಾಡುತ್ತೀರಿ ಎಂದೂ ಹೇಳಿ. ಕೊರತೆ ಹೇಳಿಕೊಂಡರೆ ಸೋತಂತೆ ಎಂಬ ಅಳುಕು ಬೇಡ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ಮೇಲೆ ಕಾರ್ಲ್ ಹಾವ್‌ಲೆಂಡ್ ಮತ್ತು ಸಂಗಡಿಗರು ನಡೆಸಿ 1949ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ವಿರೋಧವಿದ್ದವರ ಮೇಲೆ ಎರಡೂ ಬದಿಯ ವಾದವೇ ಹೆಚ್ಚು ಪರಿಣಾಮ ಬೀರಿತ್ತು. ಮೊದಲೇ ಒಪ್ಪಿದ್ದವರಿಗೆ ಒಂದು ಬದಿಯದೇ ಸಾಕಾಗಿತ್ತು.

ಕೊನೆಗೆ ಕೇಳುವುದು ಚಿಕ್ಕದಾಗಿರಲಿ: ಒಂದು ತಂಡ, ನಾಲ್ಕು ವಾರ, ಅಳೆಯುವ ಒಂದು ಅಂಕಿ, ಯಾವ ಮಟ್ಟಕ್ಕೆ ಬಂದರೆ ನಿಲ್ಲಿಸುತ್ತೀರಿ ಎಂಬ ಮಾತು. ‘ತಪ್ಪಾದರೆ ಹಿಂದೆ ಬರಬಹುದು’ ಎಂಬ ಧೈರ್ಯ ಸಿಕ್ಕರೆ ಒಪ್ಪಿಗೆ ಸುಲಭ. ಯಾರು, ಯಾವ ತಾರೀಖಿನಿಂದ ಶುರು ಮಾಡುತ್ತಾರೆ ಎಂಬುದು ನಿಗದಿಯಾಗುವ ತನಕ ಎದ್ದೇಳಬೇಡಿ.

ಪ್ರಶ್ನೆ: ಅಪ್ಪನಿಗೆ 70 ದಾಟಿದೆ, ನಾಲ್ಕೈದು ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿದೆ. ಪರೀಕ್ಷೆಗೆ ಬನ್ನಿ ಎಂದರೆ ‘ನನಗೇನೂ ಆಗಿಲ್ಲ’ ಎನ್ನುತ್ತಾರೆ. ಹೇಳಿದಷ್ಟೂ ಹಟ ಜಾಸ್ತಿ.

ಉತ್ತರ: ಹಟ ಜಾಸ್ತಿಯಾಗುತ್ತಿರುವುದೇ ಹೇಳುವುದರಿಂದ. ತನ್ನ ಆಯ್ಕೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಎನಿಸಿದರೆ ಮನುಷ್ಯ ಅದನ್ನೇ ಗಟ್ಟಿಯಾಗಿ ಹಿಡಿಯುತ್ತಾನೆ. ಜ್ಯಾಕ್ ಬ್ರೆಮ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲೇ ಇದನ್ನು ವಿವರಿಸಿದ್ದ. ಇನ್ನೊಂದೂ ಇದೆ. ‘ಹೋಗಬೇಕು’ ಎಂಬುದಕ್ಕೆ ಕಾರಣಗಳನ್ನೆಲ್ಲ ನೀವೇ ಹೇಳಿಬಿಟ್ಟರೆ ಅಪ್ಪನ ಪಾಲಿಗೆ ಉಳಿಯುವುದು ‘ಬೇಡ’ ಎಂಬುದರ ಕಾರಣಗಳು ಮಾತ್ರ. ಮತ್ತೆ ಮತ್ತೆ ತಮ್ಮ ಬಾಯಿಂದಲೇ ಹೇಳಿ ಹೇಳಿ ಅವರಿಗೆ ಅದೇ ಖಚಿತವಾಗುತ್ತದೆ.

ಎರಡು ವಾರ ಆ ಮಾತೇ ಎತ್ತಬೇಡಿ. ಆಮೇಲೆ ಟಿವಿ ಆರಿಸಿ, ಮುಖ ಕಾಣುವಂತೆ ಎದುರು ಕೂತು ಮಾತಾಡಿ. ಮೊಮ್ಮಕ್ಕಳ ಮುಂದಂತೂ ಖಂಡಿತ ಬೇಡ. ‘ಅಪ್ಪಾ, ಈಚೆಗೆ ಯಾರ ಮಾತು ಸರಿಯಾಗಿ ಕೇಳಿಸದೆ ನಿಮಗೆ ಬೇಜಾರಾಗುತ್ತೆ?’ ಎಂದು ಶುರು ಮಾಡಿ. ‘ಫೋನಿನಲ್ಲಿ ಮಾತ್ರ ಸ್ವಲ್ಪ’ ಎಂದರೆ ಅದನ್ನೇ ತಿರುಗಿ ಹೇಳಿ: ‘ಫೋನಿನಲ್ಲಿ ಕಷ್ಟ ಆಗ್ತಿದೆ.’ ಅವರಾಗಿಯೇ ಮುಂದುವರಿಸುತ್ತಾರೆ. ನಂತರ ಒಂದು ಪ್ರಶ್ನೆ: ‘ಪರೀಕ್ಷೆ ಮಾಡಿಸಬೇಕು ಅಂತ ಸೊನ್ನೆಯಿಂದ ಹತ್ತರೊಳಗೆ ನಿಮಗೆ ಎಷ್ಟು ಅನ್ನಿಸುತ್ತೆ?’ ಮೂರು ಎಂದರೆ, ‘ಎಂಟು ಯಾಕಲ್ಲ?’ ಎಂದು ಕೇಳುವ ಆಸೆಯನ್ನು ತಡೆದುಕೊಳ್ಳಿ, ಅದು ವಾದಕ್ಕೆ ಕರೆದಂತೆ. ‘ಸೊನ್ನೆ ಅನ್ನದೆ ಮೂರು ಅಂದಿರಲ್ಲ, ಯಾಕೆ?’ ಎನ್ನಿ. ಆಗ ಪರೀಕ್ಷೆಯ ಪರವಾಗಿ ಮಾತಾಡುವವರು ಅಪ್ಪನೇ. ಕುಡಿತ ಬಿಡಿಸುವ ಚಿಕಿತ್ಸೆಯ ಅನುಭವದಿಂದ ವಿಲಿಯಂ ಮಿಲ್ಲರ್ 1983ರಲ್ಲಿ ಬರೆದಿಟ್ಟ ವಿಧಾನದಲ್ಲಿ ಬೇರುಬಿಟ್ಟ ಪ್ರಶ್ನೆಯಿದು.

ಮುಂದಿನ ಹೆಜ್ಜೆಯೂ ಸಣ್ಣದೇ: ‘ಪರೀಕ್ಷೆ ಮಾತ್ರ. ಮಿಷನ್ ಹಾಕಿಕೊಳ್ಳುವುದು ಬಿಡುವುದು ನಿಮ್ಮಿಷ್ಟ.’ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತುವುದು ಅಷ್ಟೇ, ನೋವಿಲ್ಲ ಎಂದೂ ತಿಳಿಸಿ. ಕೊಟ್ಟ ಮಾತಿಗೆ ತಪ್ಪಿ ಅಂದೇ ಮಿಷನ್ ಕೊಳ್ಳುವ ಮಾತೆತ್ತಿದರೆ ಮತ್ತೆ ಅವರು ನಿಮ್ಮ ಜೊತೆ ಬರುವುದು ಕಷ್ಟ.

ಒಂದು ಎಚ್ಚರಿಕೆ: ಇದೆಲ್ಲ ನಿಧಾನವಾಗಿ ಮಂದವಾದ ಕಿವಿಗೆ. ಒಂದೆರಡು ದಿನದೊಳಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸದಾದರೆ ಅದು ತುರ್ತು, ಆ ದಿನವೇ ವೈದ್ಯರ ಬಳಿ ಹೋಗಬೇಕು.

ಪ್ರಶ್ನೆ: ‘ಯಾಕೆಂದರೆ’ ಎಂದು ಏನಾದರೊಂದು ಕಾರಣ ಹೇಳಿದರೆ ಸಾಕು, ಜನ ಒಪ್ಪುತ್ತಾರಂತೆ. ನಿಜವೇ?

ಉತ್ತರ: ಅರ್ಧ ಮಾತ್ರ. ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಜೆರಾಕ್ಸ್ ಯಂತ್ರದ ಪ್ರಯೋಗದಿಂದ ಹುಟ್ಟಿದ ಮಾತಿದು. ‘5 ಪುಟವಿದೆ, ನಾನು ಮೊದಲು ಮಾಡಿಕೊಳ್ಳಲೇ?’ ಎಂದಷ್ಟೇ ಕೇಳಿದಾಗ ಶೇ 60 ಮಂದಿ ಬಿಟ್ಟುಕೊಟ್ಟರು. ‘ಅವಸರದಲ್ಲಿದ್ದೇನೆ’ ಎಂದಾಗ ಶೇ 94. ‘ಯಾಕೆಂದರೆ ಪ್ರತಿ ತೆಗೆಯಬೇಕಾಗಿದೆ’ ಎಂಬ ಪೊಳ್ಳು ಕಾರಣಕ್ಕೂ ಶೇ 93. ಎಲ್ಲರೂ ಹೇಳುವ ಕಥೆ ಇಲ್ಲಿಗೇ ನಿಲ್ಲುತ್ತದೆ. 20 ಪುಟ ಎಂದಾಗ ಕಾರಣವಿಲ್ಲದೆ ಶೇ 24, ಪೊಳ್ಳು ಕಾರಣಕ್ಕೂ ಅದೇ ಶೇ 24, ನಿಜವಾದ ಕಾರಣಕ್ಕೆ ಶೇ 42. ಕೇಳುವುದು ದೊಡ್ಡದಾದೊಡನೆ ಜನ ಕಾರಣವನ್ನು ತೂಗಿ ನೋಡುತ್ತಾರೆ. ರಜೆ, ಹೆಚ್ಚಿನ ಸಂಬಳ, ಸಾಲ, ಇವೆಲ್ಲ 20 ಪುಟದ ಲೆಕ್ಕ.

ಪ್ರಶ್ನೆ: ಇದೆಲ್ಲ ಒಂಥರಾ ಮರುಳು ಮಾಡುವುದಲ್ಲವೇ?

ಉತ್ತರ: ಸುಳ್ಳು ಗಡುವು, ಮುಚ್ಚಿಟ್ಟ ಕೊರತೆ, ಇಲ್ಲದ ‘ಎಲ್ಲರೂ ಒಪ್ಪಿದ್ದಾರೆ’ ಸೇರಿದರೆ ಹೌದು. ಹೀಗೇಕೆ ಕೇಳಿದೆ ಎಂಬುದನ್ನು ನಾಳೆ ಅವರೆದುರೇ ಹೇಳಲು ನಿಮಗೆ ಮುಜುಗರವಾಗದಿದ್ದರೆ ಅಲ್ಲ.

ಪ್ರಶ್ನೆ: ಸಹಾಯ ಕೇಳಲು ಸಂಕೋಚ. ಮೇಲ್ ಕಳಿಸಿದರೆ ಉತ್ತರವೂ ಬರುವುದಿಲ್ಲ.

ಉತ್ತರ: ಸಂಕೋಚದ ಲೆಕ್ಕ ಹೆಚ್ಚಾಗಿ ತಪ್ಪಿರುತ್ತದೆ. ಅಪರಿಚಿತರಿಂದ ಪ್ರಶ್ನಾವಳಿ ತುಂಬಿಸುವ ಪ್ರಯೋಗವೊಂದರಲ್ಲಿ (2008), ಐದು ಮಂದಿ ಒಪ್ಪಬೇಕಾದರೆ ಸುಮಾರು 20 ಜನರನ್ನು ಕೇಳಬೇಕಾದೀತು ಎಂದು ಅಂದಾಜಿಸಿದವರಿಗೆ, ಸುಮಾರು 10 ಜನರನ್ನು ಕೇಳುವಷ್ಟರಲ್ಲೇ ಕೆಲಸ ಮುಗಿದಿತ್ತು. ಆದರೆ ಅವರು ಕೇಳಿದ್ದು ಎದುರಿಗೆ ನಿಂತು. ಆದ್ದರಿಂದ ಮುಖ್ಯವಾದದ್ದನ್ನು ಎದುರಿಗೇ ಕೇಳಿ, ಆಗದಿದ್ದರೆ ಫೋನಿನಲ್ಲಿ. ಮೇಲ್ ಬರೆಯಲೇಬೇಕಾದರೆ ಬೇಡಿಕೆ ಮೊದಲ ಸಾಲಿನಲ್ಲೇ ಬರಲಿ, ಹಿನ್ನೆಲೆ ಕೆಳಗಿರಲಿ. ಒಂದು ಮೇಲ್‌ಗೆ ಒಂದೇ ಬೇಡಿಕೆ. ‘ಬಿಡುವಾದಾಗ ನೋಡಿ’ ಎಂದು ಬರೆದರೆ ಆ ಬಿಡುವು ಬರುವುದೇ ಇಲ್ಲ. ‘ಗುರುವಾರ ಸಂಜೆಯೊಳಗೆ ಎರಡನೇ ಪುಟವಷ್ಟೇ ನೋಡಿ ಸರಿ-ತಪ್ಪು ತಿಳಿಸುತ್ತೀರಾ?’ ಎಂದು ಬರೆಯಿರಿ. ಹತ್ತು ಮಂದಿಗೆ ಒಟ್ಟಿಗೆ ಕಳಿಸಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತಾರೆ. ಹೆಸರು ಹಿಡಿದು ಒಬ್ಬರಿಗೇ ಕಳಿಸಿ.